ಹೆಣ ಎಣಿಸಿ ಬಿಡಿಸಿದ ನಕ್ಷೆ

‘ಮಂಗನ ಕಾಯಿಲೆ ಹೊಸ ಪ್ರದೇಶಕ್ಕೆ ಕಾಲಿಟ್ಟಿದೆ’ ಎಂಬ ಸುದ್ದಿ ಮಲೆನಾಡಿನವರಿಗೆ ಹೊಸದಲ್ಲ. ಕಳೆದ ಆರು ದಶಕಗಳಲ್ಲಿ ಈ ವಾಕ್ಯ ಎಷ್ಟು ಬಾರಿ ಅಚ್ಚಾಗಿದೆಯೆಂದರೆ, ಊರಿನ ಹೆಸರೊಂದನ್ನು ಬದಲಿಸಿ ಹಳೆಯ ಅಚ್ಚುಮೊಳೆಗಳನ್ನೇ ಮತ್ತೆ ಜೋಡಿಸಬಹುದು. ಆದರೆ ಈ ವಾಕ್ಯದೊಳಗೇ ಒಂದು ಸುಳ್ಳು ಅಡಗಿ ಕುಳಿತಿದೆ. ಕಾಯಿಲೆ ಕಾಲಿಟ್ಟ ದಿನವನ್ನು ಯಾರೂ ಕಂಡಿರುವುದಿಲ್ಲ. ಕಂಡಿರುವುದು ಅಲ್ಲಿ ಮೊದಲ ಮಂಗ ಸತ್ತು ಬಿದ್ದ ದಿನವನ್ನು. ಅನೇಕ ಕಡೆ ಅದನ್ನೂ ಅಲ್ಲ, ಮೊದಲ ಮನುಷ್ಯ ಆಸ್ಪತ್ರೆ ಸೇರಿದ ದಿನವನ್ನು. ಉಣುಗು ವೈರಸ್ಸನ್ನು ಹೊತ್ತು ಆ ಕಾಡಿನಲ್ಲಿ ಎಷ್ಟು ಋತುಗಳನ್ನು ಕಳೆದಿತ್ತು ಎಂಬ ಪ್ರಶ್ನೆ ಕಡತದಲ್ಲಿ ಏಳುವುದೇ ಇಲ್ಲ. ರೋಗದ ಹರಡುವಿಕೆಯ ನಕ್ಷೆ ಎಂದು ಸಭೆಗಳಲ್ಲಿ ಗೋಡೆಯ ಮೇಲೆ ತೋರಿಸುವ ಚಿತ್ರ, ವಾಸ್ತವವಾಗಿ ಹೆಣಗಳನ್ನು ಎಣಿಸಿ ಬಿಡಿಸಿದ ನಕ್ಷೆ.

ಕಥೆ ಆರಂಭವಾದದ್ದೇ ಹಾಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಹಳ್ಳಿಗಳ ಜನ ಜ್ವರದಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ (ಅದೇ ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ) ಬಂದ ವಿಜ್ಞಾನಿಗಳು ಮೊದಲು ಶಂಕಿಸಿದ್ದು ಆಫ್ರಿಕದ ಹಳದಿ ಜ್ವರವನ್ನು. ಪ್ರಯೋಗಾಲಯ ಹೇಳಿದ್ದು ಬೇರೆ: ರಷ್ಯಾದ ಕಾಡುಗಳಲ್ಲಿ ಉಣುಗಿನ ಮೂಲಕ ಹರಡುವ ಮಿದುಳುಜ್ವರದ ವೈರಸ್ಸಿಗೆ ಇದು ಬಂಧು. ಕೂಡಲೇ, ಸೈಬೀರಿಯದಿಂದ ವಲಸೆ ಬರುವ ಹಕ್ಕಿಗಳೇ ಇದನ್ನು ತಂದಿರಬೇಕೆಂಬ ತರ್ಕ ಹುಟ್ಟಿತು. ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕಾರ್ಯವೇ ನಡೆಯಿತು. ಹಕ್ಕಿಗಳ ವಿಷಯದಲ್ಲಿ ಅದರಿಂದ ಬಹಳಷ್ಟು ತಿಳಿಯಿತು. ರೋಗವನ್ನು ಅವು ಹೊತ್ತು ತಂದವೆಂಬುದು ಮಾತ್ರ ಸಿದ್ಧವಾಗಲಿಲ್ಲ. 1950ರ ದಶಕದ ರಕ್ತಪರೀಕ್ಷೆಗಳಲ್ಲಿಯೇ ದೂರದ ಕಛ್ ಮತ್ತು ಸೌರಾಷ್ಟ್ರದ ಜನರಲ್ಲಿ ಇದೇ ಗುಂಪಿನ ವೈರಸ್ಸಿಗೆ ಪ್ರತಿಕಾಯಗಳು ಕಂಡುಬಂದಿದ್ದವು. ಅಂದರೆ ಈ ನೆಲದಲ್ಲಿ ಇಂತಹ ವೈರಸ್ಸು ಯಾರ ಗಮನಕ್ಕೂ ಬಾರದೆ ಬಾಳಿಕೊಂಡಿರುವ ಸಾಧ್ಯತೆ ಆಗಲೇ ಕಣ್ಣೆದುರಿಗಿತ್ತು. ‘ಹೊರಗಿನಿಂದ ಬಂದದ್ದು’ ಎಂಬ ವಿವರಣೆ ಆಡಳಿತಕ್ಕೆ ಎಂದೂ ಹಿತವಾದದ್ದು. ಹೊರಗಿನಿಂದ ಬಂದದ್ದಕ್ಕೆ ಒಳಗಿನವರು ಹೊಣೆಗಾರರಲ್ಲವಲ್ಲ!

ಉಣುಗಿನ ಬದುಕನ್ನು ಸ್ವಲ್ಪ ವಿವರವಾಗಿ ಅರಿಯದೆ ಈ ವಾದ ಮುಂದುವರಿಯುವಂತಿಲ್ಲ. ರೋಗವನ್ನು ಮುಖ್ಯವಾಗಿ ಹರಡುವ ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿ ತನ್ನ ಆಯುಷ್ಯದಲ್ಲಿ ಮೂರು ಬಾರಿ ರಕ್ತ ಹೀರುತ್ತದೆ. ಪ್ರತಿ ಬಾರಿಯೂ ಬೇರೆ ಪ್ರಾಣಿಯ ಮೈಯಿಂದ. ಮಳೆಗಾಲದಲ್ಲಿ ಬಲಿತ ಹೆಣ್ಣು ದನ, ಎಮ್ಮೆ, ಕಡವೆಗಳಂತಹ ದೊಡ್ಡ ಪ್ರಾಣಿಗಳನ್ನು ಹತ್ತಿ, ಹೊಟ್ಟೆ ತುಂಬಿದ ಮೇಲೆ ಉದುರಿ, ತರಗಿನ ನಡುವೆ ಸಾವಿರಗಟ್ಟಲೆ ಮೊಟ್ಟೆಯಿಟ್ಟು ಸಾಯುತ್ತದೆ. ಮಳೆ ಹಿಂದೆ ಸರಿಯುವ ಹೊತ್ತಿಗೆ ಹೊರಬರುವ ಲಾರ್ವಾಗಳು ಹುಲ್ಲಿನ ತುದಿಯಲ್ಲಿ ಗುಂಪಾಗಿ ಕಾದು ಕುಳಿತು ಇಲಿ, ಮೂಗಿಲಿ, ಅಳಿಲು, ಕಾಡುಕೋಳಿ, ಮಂಗ, ಯಾವುದು ಸಿಕ್ಕಿದರೆ ಅದನ್ನು ಹತ್ತುತ್ತವೆ. ಈ ಜಾತಿಯಲ್ಲಿ ತಾಯಿಯಿಂದ ಮೊಟ್ಟೆಗೆ ವೈರಸ್ಸು ದಾಟುವುದು ಮುಖ್ಯ ದಾರಿಯಲ್ಲ. ಹೆಚ್ಚಿನ ಲಾರ್ವಾಗಳಿಗೆ ವೈರಸ್ಸು ದೊರೆಯುವುದು ಈ ಮೊದಲ ಊಟದಲ್ಲಿ. ಅವು ಪೊರೆ ಕಳಚಿ ನಿಂಫ್ ಆದಾಗಲೂ ವೈರಸ್ಸು ಒಡಲಲ್ಲೇ ಉಳಿಯುತ್ತದೆ. ಎಳ್ಳಿನಷ್ಟೂ ದೊಡ್ಡದಿರದ ಆ ನಿಂಫ್ ಡಿಸೆಂಬರಿನಿಂದ ಮೇವರೆಗೆ ಮನುಷ್ಯನನ್ನು ಕಚ್ಚುತ್ತದೆ. ಸೋಂಕು ತಗಲಿದ ಮಂಗ ಸತ್ತರೆ, ಅದರ ಮೈತುಂಬ ಇದ್ದ ಉಣುಗುಗಳು ತಣ್ಣಗಾದ ದೇಹವನ್ನು ಬಿಟ್ಟು ಅದೇ ಮರದ ಬುಡದಲ್ಲಿ ಉದುರುತ್ತವೆ. ಅಂತಹ ಜಾಗದಲ್ಲಿ ಸೌದೆಗೆಂದು, ದರಗಿಗೆಂದು ಹೋದ ಹೆಂಗಸಿನ ಕಾಲಿಗೆ ಉಣುಗು ಹತ್ತುತ್ತದೆ. ಮನುಷ್ಯನಲ್ಲಿ ವೈರಸ್ಸಿನ ಪಯಣ ಮುಗಿಯುತ್ತದೆ. ಒಬ್ಬರಿಂದ ಒಬ್ಬರಿಗೆ ಅದು ಹರಡದು. ಬಾಧಿತರಲ್ಲಿ ನೂರಕ್ಕೆ 3ರಿಂದ 5 ಜನ ಸಾಯುತ್ತಾರೆ, ಕೆಲವು ವರ್ಷಗಳಲ್ಲಿ ಇನ್ನೂ ಹೆಚ್ಚು. ಇದಕ್ಕೆಂದೇ ನಿರ್ದಿಷ್ಟವಾದ ಔಷಧಿಯಿಲ್ಲ.

ಈ ಜೀವನಚಕ್ರದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಜನವರಿಯ ಜ್ವರ ಜನವರಿಯಲ್ಲಿ ಹುಟ್ಟಿದ್ದಲ್ಲ. ಅದರ ಬೀಜ ಅಕ್ಟೋಬರ್–ನವೆಂಬರ್‌ನಲ್ಲಿಯೇ ಲಾರ್ವಾಗಳ ಒಡಲು ಸೇರಿರುತ್ತದೆ. ಎರಡನೆಯದು, ಉಣುಗಿನ ಇರವು ಬೇರೆ, ಸೋಂಕಿನ ಇರವು ಬೇರೆ. ಈ ಜಾತಿಯ ಉಣುಗು ದಕ್ಷಿಣ ಭಾರತದ ಅನೇಕ ಕಾಡುಗಳಲ್ಲಿದೆ, ಶ್ರೀಲಂಕಾದಲ್ಲಿಯೂ ಇದೆ. ಕಾಯಿಲೆ ಕಂಡಿರುವುದು ಅದರ ಒಂದು ಭಾಗದಲ್ಲಿ ಮಾತ್ರ. ಉಣುಗು ತಾನಾಗಿ ನಡೆಯುವುದು ಕೆಲವೇ ಮಾರು. ಅದನ್ನೂ ಅದರೊಳಗಿನ ವೈರಸ್ಸನ್ನೂ ಊರಿಂದೂರಿಗೆ ಒಯ್ಯುವುದು ಪ್ರಾಣಿಗಳ ಸಂಚಾರ, ಮತ್ತು ಆ ಸಂಚಾರದ ದಾರಿಯನ್ನು ಬದಲಿಸುವ ಮನುಷ್ಯನ ಕೈ. ಆದ್ದರಿಂದ ಕೇಳಬೇಕಾದ ಪ್ರಶ್ನೆ, ಸೋಂಕಿತ ಉಣುಗು ಇಂದು ಯಾವ ಕಾಡಿನ ಯಾವ ಅಂಚಿನಲ್ಲಿದೆ ಎಂಬುದು. ಆಡಳಿತ ಕೇಳುವುದೋ, ಯಾವ ತಾಲ್ಲೂಕಿನಲ್ಲಿ ಎಷ್ಟು ‘ಪಾಸಿಟಿವ್’ ಎಂದು.

ಇನ್ನು ಆ ನಕ್ಷೆಯನ್ನೇ ನೋಡಿದರೆ ಆಗುತ್ತದೆ. 1970ರ ದಶಕದ ಆರಂಭದವರೆಗೆ ರೋಗ ಸೊರಬ, ಸಾಗರ, ಶಿಕಾರಿಪುರಗಳ ಸುತ್ತಮುತ್ತ ಇದ್ದಿತೆಂದು ದಾಖಲೆ. ಅನಂತರ ಉತ್ತರ ಕನ್ನಡ. 1982ರಲ್ಲಿ ಘಟ್ಟದ ಕೆಳಗೆ, ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಬಳಿ. 1983–84ರ ಹಂಗಾಮಿನಲ್ಲಿ 1500ಕ್ಕೂ ಹೆಚ್ಚು ಪ್ರಕರಣಗಳು, ಸುಮಾರು 150 ಸಾವುಗಳು. 2012ರ ಕೊನೆಯಲ್ಲಿ ಬಂಡೀಪುರ. ಅಲ್ಲಿ ಜ್ವರ ಬಂದದ್ದು ಸತ್ತ ಮಂಗಗಳನ್ನು ಮುಟ್ಟಿ ವಿಲೇವಾರಿ ಮಾಡಿದ ಸಿಬ್ಬಂದಿಗೆ. ಅದರ ಬೆನ್ನಿಗೇ ನೀಲಗಿರಿ, ವಯನಾಡು, ಮಲಪ್ಪುರಂ. 2015ರಲ್ಲಿ ವಯನಾಡಿನಲ್ಲಿ ಪ್ರಕರಣಗಳು ನೂರರ ಸಮೀಪಕ್ಕೆ ಬಂದು, ಕಾಡಂಚಿನ ಆದಿವಾಸಿ ಹಾಡಿಗಳು ನಲುಗಿದವು. ಅದೇ ವರ್ಷ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. 2019ರಲ್ಲಿ ಮತ್ತೆ ಸಾಗರ ತಾಲ್ಲೂಕು, ಅರಳಗೋಡು. 2024ರಲ್ಲಿ ಸಿದ್ದಾಪುರ. ಓದುವವರಿಗೆ ಇದು ಒಂದು ಸೈನ್ಯ ಹೆಜ್ಜೆ ಹೆಜ್ಜೆಗೆ ಮುಂದುವರಿದ ಹಾಗೆ ತೋರುತ್ತದೆ. ನಿಜವಾಗಿ ಹಾಗೆ ಮುಂದುವರಿಯಿತೋ, ಅಥವಾ ಪರೀಕ್ಷಿಸುವ ಕಣ್ಣು ಒಂದೊಂದೇ ಊರಿನ ಮೇಲೆ ತಡವಾಗಿ ಬಿದ್ದಿತೋ? 2012ರ ಸುಮಾರಿಗೆ ಪುಣೆಯ ಸಂಸ್ಥೆ ಆರ್‌ಟಿ–ಪಿಸಿಆರ್ ಪರೀಕ್ಷೆಯನ್ನು ರೂಪಿಸಿತು. ಅದಕ್ಕೂ ಹಿಂದೆ ಇಲಿಮರಿಗಳಿಗೆ ಚುಚ್ಚಿ ಕಾಯುತ್ತ ಕೂರುವ ಕಾಲದಲ್ಲಿ, ಘಟ್ಟದ ಅದೆಷ್ಟು ಜ್ವರಗಳು ಮಲೇರಿಯ, ಇಲಿಜ್ವರ, ‘ವೈರಲ್ ಫೀವರ್’ ಎಂಬ ಹೆಸರಿನಲ್ಲಿ ಮಣ್ಣು ಸೇರಿರಬಹುದು! ಉತ್ತಮ ಪರೀಕ್ಷೆ ಕೈಗೆ ಬಂದ ಕೆಲವೇ ವರ್ಷಗಳಲ್ಲಿ ನಾಲ್ಕು ಹೊಸ ರಾಜ್ಯಗಳು ನಕ್ಷೆಗೆ ಸೇರಿದವೆಂಬುದು ಕಾಕತಾಳೀಯವೆಂದು ನಂಬುವುದು ಕಷ್ಟ.

ಗೋವಾದ ಪ್ರಸಂಗವಂತೂ ಈ ಲೆಕ್ಕಾಚಾರದ ಪೊಳ್ಳನ್ನು ಬಯಲಿಗೆಳೆಯುತ್ತದೆ. ಬೆಳಗಾವಿ ಜಿಲ್ಲೆಯ ಗಡಿಭಾಗದ ಕೂಲಿಕಾರರು ಗೇರುಬೀಜ ಆರಿಸಲೆಂದು ಬೇಸಿಗೆಯಲ್ಲಿ ಗೋವಾದ ಗೇರುತೋಟಗಳಿಗೆ ಹೋಗುತ್ತಾರೆ. ಗೇರಿನ ಹಂಗಾಮೂ ನಿಂಫ್‌ಗಳ ಹಂಗಾಮೂ ಒಂದೇ. ಬಗ್ಗಿ ತರಗಿನ ನಡುವಿನಿಂದ ಬೀಜ ಆರಿಸುವ ಕೈಗಳಿಗಿಂತ ಸುಲಭದ ತುತ್ತು ಉಣುಗಿಗೆ ಬೇರಾವುದಿದೆ? ಅಲ್ಲಿ ಸೋಂಕು ಹತ್ತಿಸಿಕೊಂಡು ಊರಿಗೆ ಮರಳಿ ಮಲಗಿದವರು ಬೆಳಗಾವಿಯ ರೋಗಿಗಳಾದರು. ರೋಗಿಯ ಮನೆಯ ವಿಳಾಸದ ಮೇಲೆ ಚುಕ್ಕೆಯಿಡುವ ನಕ್ಷೆಯಲ್ಲಿ ಚುಕ್ಕೆ ಬೀಳುವುದು ಒಂದು ರಾಜ್ಯದಲ್ಲಿ, ಉಣುಗು ಇರುವುದು ಇನ್ನೊಂದು ರಾಜ್ಯದಲ್ಲಿ. ಉಣುಗಿಗೆ ಜಿಲ್ಲೆಯ ಗಡಿಕಲ್ಲು ಕಾಣುವುದಿಲ್ಲ. ಇಲಾಖೆಗೆ ಅದರಾಚೆ ಏನೂ ಕಾಣುವುದಿಲ್ಲ.

ಉಣುಗಿನ ಸಂಗ್ರಹ ನಡೆಯುವುದೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ನಡೆಯುತ್ತದೆ. ಶಿವಮೊಗ್ಗದ ವೈರಸ್ ಪ್ರಯೋಗಾಲಯದ ಸಿಬ್ಬಂದಿ, ಕ್ಷೇತ್ರದಲ್ಲಿ ದುಡಿಯುವ ಕೆಳಹಂತದ ನೌಕರರು ತಮ್ಮ ಮೈಯನ್ನೇ ಒಡ್ಡಿ ಅದನ್ನು ಮಾಡುತ್ತ ಬಂದಿದ್ದಾರೆ. ಅವರ ಬಗ್ಗೆ ಗೌರವವಿರಲೇಬೇಕು. ದೂರು ಇರುವುದು ಕ್ರಮದ ಮೇಲೆ. ಮಂಗ ಸತ್ತಿತೆಂಬ ಸುದ್ದಿ ಬಂದ ಮೇಲೆ ಬಟ್ಟೆ ಹಿಡಿದು ಹೊರಡುವುದು, ಸುತ್ತಲೂ ಮ್ಯಾಲಾಥಿಯಾನ್ ಪುಡಿ ಎರಚುವುದು, ಡೀಪಾ ತೈಲದ ಬಾಟಲಿ ಹಂಚುವುದು: ಇವೆಲ್ಲ ಬೆಂಕಿ ಹತ್ತಿದ ಮೇಲೆ ಬಾವಿ ತೋಡುವ ಕೆಲಸಗಳು. ಮಂಗವೇ ಸಾಯದ ಕಾಡಿನಲ್ಲಿ, ಅಥವಾ ಸತ್ತರೂ ಯಾರ ಕಣ್ಣಿಗೂ ಬೀಳದ ದಟ್ಟಣೆಯಲ್ಲಿ ಉಣುಗಿನ ಸಮೀಕ್ಷೆಯೇ ಆರಂಭವಾಗುವುದಿಲ್ಲ. ಸಮೀಕ್ಷೆ ನಡೆದಲ್ಲಿ ಅದರ ಫಲಿತಾಂಶ ಮೇಲಿನ ಕಚೇರಿಗೆ ಏರುವಷ್ಟು ವೇಗವಾಗಿ ಗ್ರಾಮ ಪಂಚಾಯಿತಿಗೆ ಇಳಿಯುವುದಿಲ್ಲ. ಯಾವ ಬೆಟ್ಟದಲ್ಲಿ ಸೋಂಕಿತ ಉಣುಗು ಸಿಕ್ಕಿತು ಎಂಬುದು ಆ ಬೆಟ್ಟಕ್ಕೆ ನಾಳೆ ಬೆಳಿಗ್ಗೆ ದರಗು ತರಲು ಹೋಗುವವಳಿಗೆ ತಿಳಿಯದಿದ್ದರೆ, ಆ ಪರೀಕ್ಷೆ ಯಾರಿಗಾಗಿ? ‘ಜನ ಗಾಬರಿಯಾಗುತ್ತಾರೆ’ ಎಂಬ ಸಮಜಾಯಿಷಿ ಮೇಲಿಂದ ಮೇಲೆ ಕೇಳಿಬರುತ್ತದೆ. ಗಾಬರಿ ಹುಟ್ಟುವುದು ತಿಳಿದಾಗಲ್ಲ, ಪಕ್ಕದ ಮನೆಯಲ್ಲಿ ಹೆಣ ಎತ್ತುವಾಗ ಏಕೆಂದು ತಿಳಿಯದಿದ್ದಾಗ.

ಇಲ್ಲಿ ಕೃಷಿಯ ಉದಾಹರಣೆಯೊಂದು ಸಲ್ಲುತ್ತದೆ. ಅಡಿಕೆ ತೋಟದವರಾರೂ ಕೊಳೆ ಹತ್ತಿ ಕಾಯಿ ಉದುರಿದ ಮೇಲೆ ಬೋರ್ಡೋ ದ್ರಾವಣಕ್ಕೆ ಸುಣ್ಣ, ಮೈಲುತುತ್ತ ಕದಡಲು ಕೂರುವುದಿಲ್ಲ. ಮುಂಗಾರು ಬಲಿಯುವ ಮೊದಲೇ ಕೊನೆಗೌಡನನ್ನು ಮರ ಹತ್ತಿಸಿರುತ್ತಾರೆ. ಭತ್ತದ ಜಿಗಿಹುಳುವಿಗೆ ದೀಪದ ಬಲೆಯಿದೆ, ಹಣ್ಣಿನ ನೊಣಕ್ಕೆ ಮೋಹಕ ಬಲೆಯಿದೆ, ಇಂತಿಷ್ಟು ಹುಳು ಬಿದ್ದರೆ ಎಚ್ಚರ ಎಂಬ ಮಿತಿಯಿದೆ. ಬೆಳೆಗೆ ಸಲ್ಲುವ ಈ ಶಿಸ್ತು ಬೆಳೆಯುವವನ ಜೀವಕ್ಕೆ ಸಲ್ಲದೆ ಹೋದುದು ಹೇಗೆ? ಉಣುಗನ್ನು ಹಿಡಿಯುವ ಸಾಧನ ಇವೆಲ್ಲಕ್ಕಿಂತ ಅಗ್ಗ: ಕೋಲಿಗೆ ಕಟ್ಟಿದ ಒಂದು ತುಂಡು ಬಿಳಿಯ ಫ್ಲಾನೆಲ್ ಬಟ್ಟೆ. ಅದನ್ನು ತರಗಿನ ಮೇಲೆ, ಪೊದೆಗಳ ಮೇಲೆ ಎಳೆಯುತ್ತ ನಡೆದರೆ ಉಣುಗುಗಳು ಬಟ್ಟೆಗೆ ಹತ್ತುತ್ತವೆ. ಅದೇ ದಾರಿ, ಅಷ್ಟೇ ದೂರ, ತಿಂಗಳಿಗೆ ಇಂತಿಷ್ಟು ಬಾರಿ ಎಂದು ನಿಯಮವಿಟ್ಟುಕೊಂಡರೆ ಏರಿಳಿತ ತಾನಾಗಿ ಕಾಣುತ್ತದೆ. ಹಿಡಿದ ಉಣುಗುಗಳನ್ನು ಗುಂಪು ಮಾಡಿ ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಮಾತ್ರ ತಜ್ಞರ, ಭದ್ರ ಪ್ರಯೋಗಾಲಯದ ಕೆಲಸ. ಕೊರತೆಯಿರುವುದು ಬಟ್ಟೆಗಲ್ಲ. ಪ್ರಕರಣವಿಲ್ಲದ ಊರಿನಲ್ಲಿ, ಪ್ರಕರಣವಿಲ್ಲದ ತಿಂಗಳಿನಲ್ಲಿ ಖರ್ಚು ಮಾಡಲು ಒಪ್ಪುವ ಮನಸ್ಸಿಗೆ.

ಪರಿಸರ ಚಳವಳಿಗೂ ಇಲ್ಲಿ ಕೆಲವು ಕಟುಮಾತು ಸಲ್ಲಬೇಕು. ‘ಕಾಡು ಕಡಿದದ್ದಕ್ಕೆ ಕಾಯಿಲೆ ಬಂತು’ ಎಂಬ ಘೋಷಣೆ ವೇದಿಕೆಗಳಲ್ಲಿ ಚೆನ್ನಾಗಿ ಮೊಳಗುತ್ತದೆ. ಅದರಲ್ಲಿ ಸತ್ಯವಿಲ್ಲದಿಲ್ಲ. ನಿಡ್ಲೆಯಲ್ಲಿ ರೋಗ ಸಿಡಿದದ್ದು ಗೇರುತೋಟಕ್ಕಾಗಿ ಕಾಡನ್ನು ಬೋಳಿಸಿದ ಬೆನ್ನಿಗೆ. 1964ರಲ್ಲಿ ಲಿಂಗನಮಕ್ಕಿಯ ಜಲಾಶಯ ಶರಾವತಿ ಕಣಿವೆಯನ್ನು ಮುಳುಗಿಸಿ, ಸಾವಿರಾರು ಕುಟುಂಬಗಳು ಕಾಡು ಸವರಿ ಹೊಸ ನೆಲೆ ಹುಡುಕಿಕೊಂಡ ಕಾಲವೂ ರೋಗದ ಮೊದಲ ದಶಕವೂ ಒಂದೇ. ಸಾಗರದ ಸುತ್ತಮುತ್ತ ದುಡಿದ ಜಾರ್ಜ್ ಬೊಶೆಲ್ ಎಂಬ ವಿಜ್ಞಾನಿ 1969ರಲ್ಲಿಯೇ, ಹೆಚ್ಚುತ್ತಿರುವ ಜನವಸತಿ, ಕಾಡಿಗೆ ನುಗ್ಗುವ ಬೇಸಾಯ, ಕಾಡಿನಲ್ಲಿ ಮೇಯುವ ದನಗಳು ಉಣುಗನ್ನು ವಿಪರೀತ ಹೆಚ್ಚಿಸಿ ಸುಪ್ತವಾಗಿದ್ದ ಸೋಂಕನ್ನು ಸ್ಫೋಟಿಸಿದವೆಂದು ವಾದಿಸಿದ್ದರು. ಆದರೆ ಘೋಷಣೆ ಅಲ್ಲಿಗೇ ನಿಲ್ಲುತ್ತದೆ, ವಿಜ್ಞಾನ ನಿಲ್ಲುವುದಿಲ್ಲ. ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಒಟ್ಟಾಗಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಮನುಷ್ಯರಲ್ಲಿ ರೋಗದ ಅಪಾಯ ಹೆಚ್ಚಾಗಿರುವುದು ತೇವದ ನಿತ್ಯಹರಿದ್ವರ್ಣ ಕಾಡೂ ತೋಟಗಳೂ ಹೆಣೆದುಕೊಂಡ, ದೇಶೀ ದನಗಳ ಸಂಖ್ಯೆ ಹೆಚ್ಚಿರುವ ಪ್ರದೇಶಗಳಲ್ಲಿ ಎಂದು ತೋರಿಸಿತು. ಅಂದರೆ ಬೋಳು ಬಯಲು ಅಪಾಯದ ತಾಣವಲ್ಲ, ಮನುಷ್ಯ ಕಾಲಿಡದ ಕಾಡೂ ಅಲ್ಲ. ಕಾಡು ಚೂರುಚೂರಾಗಿ ಉಳಿದು, ಅದರ ನಡುನಡುವೆ ತೋಟ, ಕೊಟ್ಟಿಗೆ, ಸೊಪ್ಪಿನ ಬೆಟ್ಟ, ಮನೆ ಇರುವ ಕಡೆ ಅಪಾಯ. ಅದು ಮಲೆನಾಡಿನ ಚೆಲುವಾದ ಚಿತ್ರವೆಂದು ಪಂಚಾಂಗಗಳಲ್ಲಿ ಅಚ್ಚಾಗುವ ದೃಶ್ಯವೇ!

ಅಡಿಕೆಯ ಬೆಲೆ ಏರಿದಾಗಲೆಲ್ಲ ತೋಟದ ಬೇಲಿ ಕಾಡಿನೊಳಕ್ಕೆ ಸರಿದಿರುವುದನ್ನು ಯಾರೂ ಅಲ್ಲಗಳೆಯಲಾರರು. ಕಾಗದದ ಕಾರ್ಖಾನೆಗಾಗಿ ಬೆಳೆಸಿದ ಅಕೇಶಿಯ ನೆಡುತೋಪುಗಳ ವಿರುದ್ಧ ಏರಿದ ದನಿ, ನೆರೆಯವನ ಒತ್ತುವರಿ ತೋಟದ ಎದುರಿಗೆ ಉಡುಗಿಹೋಗುತ್ತದೆ. ಹಾಗೆಂದು ಮಲೆನಾಡು ಗಿಡ್ಡ ತಳಿಯ ದನವನ್ನು ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸುವುದೂ ತಪ್ಪು. ದನದ ರಕ್ತದಲ್ಲಿ ವೈರಸ್ಸು ಉಣುಗಿಗೆ ದಾಟುವಷ್ಟು ಬೆಳೆಯುವುದಿಲ್ಲ. ಅದು ಬಲಿತ ಉಣುಗಿಗೆ ಊಟ, ಅಷ್ಟೆ. ಆ ಊಟ ಉಣುಗಿನ ಸಂಖ್ಯೆಯನ್ನು ಹೆಚ್ಚಿಸುತ್ತದೆಂಬುದೂ ಅಷ್ಟೇ ನಿಜ. ಮಳೆಗಾಲದಲ್ಲಿ ಕಾಡಿಗೆ ಮೇಯಲು ಹೋಗುವ ದನಗಳ ಮೈಮೇಲಿನ ಉಣುಗಿನ ನಿಯಂತ್ರಣ ಪಶುವೈದ್ಯ ಇಲಾಖೆಯ ಕೆಲಸ. ಸತ್ತ ಮಂಗ ಅರಣ್ಯ ಇಲಾಖೆಯ ವ್ಯಾಪ್ತಿ. ಜ್ವರ ಬಂದ ಮನುಷ್ಯ ಆರೋಗ್ಯ ಇಲಾಖೆಯ ಪಾಲು. ಒಂದೇ ಉಣುಗು ಈ ಮೂವರ ಮೈಮೇಲೂ ಹರಿದಾಡಿ ಬರುತ್ತದೆ. ಮೂರು ಇಲಾಖೆಗಳ ದಫ್ತರಗಳು ಮಾತ್ರ ಒಂದು ಮೇಜಿನ ಮೇಲೆ ಬರುವುದು ಸಾವು ಸಂಭವಿಸಿ, ಮಂತ್ರಿಗಳು ಭೇಟಿ ನೀಡಿದಾಗ.

ಮಂಗಗಳ ವಿಷಯದಲ್ಲಂತೂ ಅವಿವೇಕಕ್ಕೆ ಎಲ್ಲೆಯೇ ಇಲ್ಲ. ಮುಸುವ ಮತ್ತು ಕೆಂಪುಮೂತಿಯ ಕೋತಿಗಳೆರಡೂ ಈ ರೋಗಕ್ಕೆ ಬಲಿಯಾಗುವ ಜೀವಿಗಳು. ನಮಗಿಂತ ಮೊದಲು ಸತ್ತು ಎಚ್ಚರಿಕೆ ಕೊಡುವಂಥವು. ತೋಟಕ್ಕೆ ದಾಳಿಯಿಡುವ ಕೋತಿಗಳನ್ನು ಹಿಡಿದು ರಾತ್ರೋರಾತ್ರಿ ಇನ್ನೊಂದು ಊರಿನ ಕಾಡಿನಲ್ಲಿ ಬಿಟ್ಟು ಬರುವ ಪರಿಪಾಠವಿದೆ. ಹಾಗೆ ಸಾಗಿಸುವ ಪ್ರತಿ ಲಾರಿಯಲ್ಲಿ ಉಣುಗುಗಳೂ ಟಿಕೆಟ್ಟಿಲ್ಲದೆ ಪ್ರಯಾಣ ಮಾಡುತ್ತವೆ. 2019–20ರಲ್ಲಿ ಹೊಸನಗರ ತಾಲ್ಲೂಕಿನಲ್ಲಿ ಮಂಗಗಳಿಗೊಂದು ಉದ್ಯಾನ ನಿರ್ಮಿಸುವ ಪ್ರಸ್ತಾಪ ಬಂದಿತ್ತು. ಬೆಳೆಹಾನಿಯಿಂದ ಬೇಸತ್ತ ರೈತರ ಸಂಕಟ ಸುಳ್ಳಲ್ಲ. ಆದರೆ ಸೋಂಕಿನ ತವರಿನಲ್ಲಿಯೇ ಬೇರೆ ಬೇರೆ ಕಡೆಯ ಮಂಗಗಳನ್ನು ಒಂದೆಡೆ ಕೂಡಿಹಾಕುವುದೆಂದರೆ, ಉಣುಗಿಗೆ ಅನ್ನಛತ್ರ ತೆರೆದಂತೆ. ರೋಗವನ್ನು ಹಿಂಬಾಲಿಸುವುದು ಹೋಗಲಿ, ಸರ್ಕಾರವೇ ಅದಕ್ಕೆ ದಾರಿ ಮಾಡಿಕೊಡಲು ಹೊರಟದ್ದನ್ನು ಏನೆಂದು ಕರೆಯಬೇಕು?

ನಕ್ಷೆಯ ಪ್ರಶ್ನೆ ಇಷ್ಟು ತುರ್ತಾಗಿರುವುದಕ್ಕೆ ಇನ್ನೊಂದು ಕಾರಣ ಲಸಿಕೆ. ಕೋಳಿಭ್ರೂಣದ ಅಂಗಾಂಶದಲ್ಲಿ ಬೆಳೆಸಿದ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಹಳೆಯ ಲಸಿಕೆಯನ್ನು 1990ರಿಂದ ಮಲೆನಾಡಿನಲ್ಲಿ ಕೊಡಲಾಗುತ್ತಿತ್ತು. 2005ರಿಂದ 2010ರ ಅವಧಿಯ ಮಾಹಿತಿಯನ್ನು ಪರಿಶೀಲಿಸಿದಾಗ, ಒಂದು ಡೋಸ್ ಪಡೆದವರಿಗೆ ರಕ್ಷಣೆ ದೊರೆತದ್ದು ಕಾಣಲಿಲ್ಲ; ಎರಡು ಡೋಸಿಗೆ ಶೇ. 62.4, ವರ್ಧಕ ಡೋಸೂ ಸೇರಿದರೆ ಶೇ. 82.9. ನೋವಿನ ಚುಚ್ಚುಮದ್ದು, ವರ್ಷ ವರ್ಷವೂ ಮತ್ತೆ ಹಾಕಿಸಿಕೊಳ್ಳುವ ಕಷ್ಟ. ಜನ ಹಿಂಜರಿದದ್ದರಲ್ಲಿ ಆಶ್ಚರ್ಯವಿಲ್ಲ. ಅದೂ ಕೊಡುತ್ತಿದ್ದದ್ದು ಎಲ್ಲಿ? ರೋಗ ಕಂಡ ಊರುಗಳ ಸುತ್ತ. ಅಂದರೆ ಕಳೆದ ವರ್ಷದ ಹೆಣಗಳು ತೋರಿಸಿದ ದಿಕ್ಕಿನಲ್ಲಿ. ಉಣುಗು ಆ ವೃತ್ತದ ಹೊರಗೆ ಹೆಜ್ಜೆಯಿಟ್ಟಾಗಲೆಲ್ಲ ಲಸಿಕೆಯಿಲ್ಲದ ಊರು ಬಲಿಯಾಯಿತು. 2022ರಲ್ಲಿ ಪರಿಣಾಮದ ಬಗೆಗಿನ ಸಂದೇಹದಿಂದಾಗಿ ಆ ಲಸಿಕೆಯೂ ನಿಂತಿತು. ಹೊಸದೊಂದನ್ನು ರೂಪಿಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮುಂದಾಯಿತಾದರೂ, 2024ರ ಬೇಸಿಗೆಯನ್ನು ಸಿದ್ದಾಪುರದವರು ಲಸಿಕೆಯಿಲ್ಲದೆಯೇ ಎದುರಿಸಿದರು. ನಾಳೆ ಎಷ್ಟೇ ಉತ್ತಮವಾದ ಲಸಿಕೆ ಬಂದರೂ ಮೊದಲು ಯಾವ ಊರಿಗೆ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಆ ಪ್ರಶ್ನೆಗೆ ಉತ್ತರ ಆಸ್ಪತ್ರೆಯ ದಾಖಲೆ ಪುಸ್ತಕದಲ್ಲಿಲ್ಲ, ತರಗಿನ ನಡುವೆ ಇದೆ.

ಬೇಡಿಕೆ ದೊಡ್ಡದೇನಲ್ಲ. ಘಟ್ಟದ ಉದ್ದಕ್ಕೂ, ಇದುವರೆಗೆ ಒಂದೂ ಪ್ರಕರಣ ಕಾಣದ ತಾಲ್ಲೂಕುಗಳನ್ನೂ ಸೇರಿಸಿಕೊಂಡು, ಕಾಡಂಚಿನ ಆಯ್ದ ಗ್ರಾಮಗಳಲ್ಲಿ ಅಕ್ಟೋಬರಿನಿಂದಲೇ ಬಟ್ಟೆ ಎಳೆಯುವ ಕೆಲಸ ಆರಂಭವಾಗಬೇಕು. ಅದಕ್ಕೆ ತರಬೇತಿ, ಮೈಮುಚ್ಚುವ ಉಡುಪು, ಡೀಪಾ ತೈಲ, ಕೂಲಿ, ಅಪಾಯ ಸಂಭವಿಸಿದರೆ ಪರಿಹಾರ, ಇವಿಷ್ಟನ್ನೂ ಕೊಟ್ಟು ಸ್ಥಳೀಯ ಯುವಕ ಯುವತಿಯರನ್ನೇ ನೇಮಿಸಬೇಕು. ಪುಕ್ಕಟೆ ಸ್ವಯಂಸೇವೆಯ ಹೆಸರಿನಲ್ಲಿ ಬಡವರ ಮೈಯನ್ನು ಉಣುಗಿಗೆ ಒಡ್ಡುವ ಜಾಣತನ ಬೇಡ. ಕರ್ನಾಟಕ, ಕೇರಳ, ತಮಿಳುನಾಡು, ಗೋವಾ, ಮಹಾರಾಷ್ಟ್ರಗಳ ಫಲಿತಾಂಶ ಒಂದೇ ನಕ್ಷೆಯ ಮೇಲೆ ಬೀಳಬೇಕು. ಗೇರುತೋಟಕ್ಕೆ ಕೂಲಿ ಹೋಗುವವರ ಊರುಗಳಿಗೆ, ಅವರು ಹೊರಡುವ ಮೊದಲೇ, ಹೋಗುವ ಜಾಗದ ಸ್ಥಿತಿ ತಿಳಿಯಬೇಕು. ಸೋಂಕಿತ ಉಣುಗು ಸಿಕ್ಕ ಜಾಗದ ಹೆಸರನ್ನು, ಸರ್ವೆ ನಂಬರಿನ ಸಮೇತ, ಫಲಿತಾಂಶ ಬಂದ ವಾರದೊಳಗೆ ಗ್ರಾಮ ಪಂಚಾಯಿತಿಯ ಫಲಕದ ಮೇಲೆ, ಹಾಲಿನ ಡೇರಿಯ ಬಾಗಿಲಲ್ಲಿ, ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಬೇಕು. ಮುಂದಿನ ಗ್ರಾಮಸಭೆಗಳಲ್ಲಿ ಇದನ್ನು ನಿರ್ಣಯವಾಗಿ ಮಂಡಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ದೃಢೀಕೃತ ಪ್ರತಿಯನ್ನು ಜಿಲ್ಲಾಧಿಕಾರಿಯವರ ಕಚೇರಿಗೆ ತಲುಪಿಸಲು ಅಕ್ಟೋಬರಿಗೆ ಮುಂಚೆ ಸಮಯವಿದೆ.